ಹದಿನೇಳು ಅಡಿ ಮರ್ಯಾದೆ

"ಬನ್ನಿ, ಬನ್ನಿ, ಇನ್ನೂ ಬನ್ನಿ... ನಿಲ್ಲಿ! ನಿಲ್ಲಿ ಮಾರಾಯ್ರೆ, ಕಸದ ಡಬ್ಬ!"

ಕಾಂತಪ್ಪ ಬ್ರೇಕು ಒತ್ತಿದ. ಹಿಂದಿನಿಂದ ಬಕಾಲಾ ಎಂಬ ದಿನಸಿ ಅಂಗಡಿಯ ಇಬ್ರಾಹಿಂ ಖಲೀಲ್ ಕೈ ಬೀಸುತ್ತಿದ್ದ. ಮುಂದಿನಿಂದ ಮೂರನೇ ಮಹಡಿಯ ಅಲೋಶಿಯಸ್ ಕೈ ಬೀಸುತ್ತಿದ್ದ. ಇಬ್ಬರ ಕೈಗಳೂ ಒಂದನ್ನೊಂದು ಸುಳ್ಳು ಮಾಡುತ್ತಿದ್ದವು. ಕಟ್ಟಡ ಕಾಯುವ ಈಜಿಪ್ಟಿನವನು ಮಾತ್ರ ಬೀಸುವ ಗೋಜಿಗೆ ಹೋಗದೆ ಎರಡೂ ಕೈಗಳನ್ನು ತಲೆಯ ಮೇಲೆ ಹೊತ್ತು ನಿಂತಿದ್ದ.

"ಬಲಕ್ಕೆ ತಿರುಗಿಸಿ ಕಾಂತಪ್ಪಣ್ಣ, ಬಲಕ್ಕೆ!"

"ಎಡಕ್ಕೆ ಮಾರಾಯ, ಎಡಕ್ಕೆ! ಅವನಿಗೆ ಬಲ ಎಡ ಗೊತ್ತಿದ್ದರೆ ಬಕಾಲಾ ಯಾಕೆ ಇಡ್ತಿದ್ದ?"

"ನಿಮ್ಮದು ಇಸ್ಪೀಟು ಪೆಟ್ಟಿಗೆಯಷ್ಟು ಕಾರು ಪರ್ಬುಗಳೇ, ದೊಡ್ಡದರ ವಿಷಯ ನಿಮಗೆಂತ ಗೊತ್ತು?" ಎಂದ ಖಲೀಲ್, ಅಲೋಶಿಯಸ್‌ನತ್ತ.

ಎರಡನೇ ಮಹಡಿಯ ಕಿಟಕಿಯಿಂದ ಹೆಂಡತಿ ಚಂಪಾಳ ದನಿ ಇಳಿಯಿತು. "ಅಲ್ಲೇ ಅದನ್ನು ಎರಡು ತುಂಡು ಮಾಡಿ! ಒಂದು ಇಲ್ಲಿಡಿ, ಇನ್ನೊಂದು ಹವಲ್ಲಿ ಪೇಟೆಯಲ್ಲಿ ಇಟ್ಟು ಬನ್ನಿ!"

ಕೊನೆಗೂ ಕಾರು ಕುಳಿತಿತು. ಹಿಂದೆ ಮುನಿಸಿಪಾಲಿಟಿಯ ಕಬ್ಬಿಣದ ಕಸದ ಡಬ್ಬ, ಮುಂದೆ ಸಿರಿಯಾದವನೊಬ್ಬನ ಪಿಕಪ್ಪು. ಎರಡು ಕಡೆಯೂ ಒಂದೊಂದು ಖುಬೂಸ್ ರೊಟ್ಟಿ ತೂರಿಸುವಷ್ಟು ಸಂದು. ಹದಿನೇಳು ಅಡಿ ಉದ್ದದ ಆ ಕಪ್ಪು ಅಮೆರಿಕನ್ ಸೆಡಾನಿನಿಂದ ಕಾಂತಪ್ಪ ಇಳಿದಾಗ, ಅಂಗಿ ಬೆನ್ನಿಗೆ ಅಂಟಿ, ಈಗಷ್ಟೇ ಸಮುದ್ರದಿಂದ ಎದ್ದು ಬಂದವನಂತಿದ್ದ. ಕುವೈತಿನ ರಿಗ್ಗೈಯ ಆ ಬೀದಿಯಲ್ಲಿ ಇಷ್ಟು ದೊಡ್ಡ ಜಾಗ ಖಾಲಿಯಾದದ್ದು ಆ ದಿನ ಒಂದು ಸಂಸಾರ ಸಾಮಾನು ಕಟ್ಟಿಕೊಂಡು ಲಾರಿ ಹತ್ತಿದ್ದರಿಂದ. ಮತ್ತೊಂದು ಸಂಸಾರ ಊರು ಬಿಡುವವರೆಗೆ ಮತ್ತೊಂದು ಜಾಗ ಸಿಗುವ ಆಸೆಯಿರಲಿಲ್ಲ.

"ಇನ್ನು ಇದನ್ನು ತೆಗಿಯುದು ಹೇಗೆ?" ಎಂದ ಖಲೀಲ್, ಸಂದಿನಲ್ಲಿ ಕೈ ತೂರಿಸಿ ನೋಡಿ.

"ತೆಗಿಯುದೇ ಇಲ್ಲ," ಎಂದ ಕಾಂತಪ್ಪ.

ಎಲ್ಲರೂ ನಕ್ಕರು. ಅವನು ಮಾಡಿದ್ದು ಪ್ರತಿಜ್ಞೆ ಎಂದು ಯಾರಿಗೂ ಹೊಳೆಯಲಿಲ್ಲ.

ಈ ಕಾರಿನ ಹುಟ್ಟು ಒಂದು ಹೋಟೆಲಿನ ಗೇಟಿನಲ್ಲಿ ಆಗಿತ್ತು. ಊರವರ ಸಂಘದ ವಾರ್ಷಿಕೋತ್ಸವಕ್ಕೆ ಕಾಂತಪ್ಪ ಟೈ ಕಟ್ಟಿ, ಚಂಪಾ ಪಟ್ಟೆಸೀರೆ ಉಟ್ಟು, ಮೊಣಕಾಲು ಗದ್ದಕ್ಕೆ ತಾಗುವ ತಮ್ಮ ಹಳೆಯ ಸಣ್ಣ ಕಾರಿನಲ್ಲಿ ಹೋಗಿದ್ದರು. ಚಂಪಾಳ ಮಡಿಲಲ್ಲಿ ಸಂಘಕ್ಕೆಂದು ಮಾಡಿದ ಹೋಳಿಗೆಯ ಡಬ್ಬವಿತ್ತು. ಗೇಟಿನವನು ಬಗ್ಗಿ ಕಾರು ನೋಡಿದ, ಟೈ ನೋಡಿದ, ಡಬ್ಬ ನೋಡಿದ. ಮೂರರಲ್ಲಿ ಎರಡರ ಸಾಕ್ಷಿಯನ್ನು ನಂಬಿ, "ಡೆಲಿವರಿ? ಪೀಛೇ ಕಾ ಗೇಟ್, ಭಾಯಿ," ಎಂದ. ಕಾಂತಪ್ಪ ದಂಪತಿ ಅಡುಗೆಮನೆಯ ಮೂಲಕ ಸಭಾಂಗಣ ತಲುಪಿದರು. ಹಿಂದೆಯೇ ಬಂದಿದ್ದ ಅಲೋಶಿಯಸ್ ಅದನ್ನೆಲ್ಲ ಕಂಡ. ಆಮೇಲೆ ಯಾವ ನಾಮಕರಣವಿರಲಿ, ಯಾವ ಕ್ರಿಸ್ಮಸ್ ಪಾರ್ಟಿಯಿರಲಿ, ಅಲೋಶಿಯಸ್ ಈ ಕಥೆ ಹೇಳದೆ ಊಟಕ್ಕೆ ಏಳುತ್ತಿರಲಿಲ್ಲ. ಪ್ರತಿ ಸಲವೂ ಒಂದಿಷ್ಟು ಸೇರುತ್ತಿತ್ತು. ಇತ್ತೀಚಿನ ಆವೃತ್ತಿಯಲ್ಲಿ ಕಾಂತಪ್ಪ ಅಡುಗೆಮನೆಯಲ್ಲಿ ಒಂದು ಮೂಟೆ ನೀರುಳ್ಳಿಯನ್ನೂ ಇಳಿಸಿ ಬಂದಿದ್ದ.

ಬಾಳಿಡೀ ಹಿಂದಿನ ಬೆಂಚು, ಮೇಲಿನ ಬರ್ತು, ಕಿಟಕಿಯಿಲ್ಲದ ಸೀಟು ಎಂದು ಒಗ್ಗಿಕೊಂಡು ಬಂದ ಕಾಂತಪ್ಪನಿಗೆ ನೀರುಳ್ಳಿ ಮಾತ್ರ ಒಗ್ಗಲಿಲ್ಲ. ಶುವೈಖಿನ ನಲ್ಲಿ-ಪೈಪಿನ ಕಂಪೆನಿಯಲ್ಲಿ ಅವನು ಸ್ಟೋರಿನ ಮೇಲ್ವಿಚಾರಕ. ಅಲ್ಲಿನ ಮುದೀರ್, ಅಂದರೆ ಮ್ಯಾನೇಜರ್, ಹೊಸ ಜೀಪು ತೆಗೆದಾಗ, ತನ್ನ ಸಣ್ಣ ಕಾರನ್ನು ಮಾರಿ ಆತನ ಹಳೆಯ ಸೆಡಾನನ್ನು ಹೆಂಡತಿಗೆ ತಿಳಿಸದೆ ಕೊಂಡುಬಿಟ್ಟ. ಹದಿನೇಳು ಅಡಿ ವಸ್ತುವನ್ನು ಹೆಂಡತಿಯಿಂದ ಮುಚ್ಚಿಡುವುದು ಹೇಗೆಂದು ಯೋಚಿಸಿರಲಿಲ್ಲ.

"ಮುಂದಿನ ಶುಕ್ರವಾರದವರೆಗೆ ನೋಡುವ," ಎಂದಳು ಚಂಪಾ, ಕಾರಿಗೆ ಜಾಗ ಸಿಕ್ಕಿದ ಆ ರಾತ್ರಿ ಅನ್ನ ಬಡಿಸುತ್ತ. "ಅಷ್ಟರೊಳಗೆ ಇದರಿಂದ ಲಾಭ ಎಂತ, ಲುಕ್ಸಾನು ಎಂತ ಅಂತ ನೋಡುವ. ಲುಕ್ಸಾನು ಹೆಚ್ಚಾದರೆ ಮಾರುದು. ಮಾತಿಲ್ಲ."

"ಆಗಲಿ. ಏಸಿ?"

"ಏಸಿ ಆಗಬಹುದು. ನಿನ್ನೆ ನನಗೆ ಶಾಲು ಬೇಕಾಯ್ತು."

"ಡಿಕ್ಕಿ? ಊರಿಗೆ ಹೋಗುವಾಗ ಮೂರು ಜನರ ಪೆಟ್ಟಿಗೆ ಒಟ್ಟಿಗೆ ಹಿಡಿತದೆ. ಮತ್ತೆ ರಿಂಗ್ ರೋಡಿನಲ್ಲಿ ನೋಡಿದ್ದೀಯಾ? ಮೊದಲು ಹಿಂದಿನಿಂದ ಲೈಟ್ ಹಾಕಿ ಓಡಿಸ್ತಿದ್ದರು. ಈಗ ಒಬ್ಬನೂ ಲೈಟ್ ಹಾಕುದಿಲ್ಲ. ಮರ್ಯಾದೆ!"

"ಪೆಟ್ರೋಲು?"

ಕಾಂತಪ್ಪ ಸಾರು ಕಲಸಿದ.

"ಕಲಗಚ್ಚು ಕುಡಿಯುವ ಎಮ್ಮೆ ಕೂಡ ನಡುವೆ ತಲೆ ಎತ್ತುತ್ತದೆ. ಇದು ಎತ್ತುದಿಲ್ಲ. ಯು-ಟರ್ನ್ ತೆಗಿಲಿಕ್ಕೆ ಮುಂದಿನ ಊರಿಗೆ ಹೋಗ್ಬೇಕು. ನಾನು ಕೂತರೆ ರಸ್ತೆ ಕಾಣುದಿಲ್ಲ, ಬಾನೆಟ್ ಮಾತ್ರ ಕಾಣುದು. ಮತ್ತೆ ಇಡುದು ಎಲ್ಲಿ?"

"ಇಡ್ಲಿಕ್ಕೆ ಜಾಗ ಆಯ್ತಲ್ಲ! ಮನೆ ಎದುರೇ!"

ಹೈಸ್ಕೂಲಿನ ಮಗಳು ಅಪೇಕ್ಷಾ ಫೋನಿನಿಂದ ಕಣ್ಣೆತ್ತಿ ತೀರ್ಪು ಕೊಟ್ಟಳು. "ಪಪ್ಪಾ, ಇಟ್ಸ್ ನಾಟ್ ಪಾರ್ಕ್ಡ್. ಇಟ್ಸ್ ಸ್ಟಕ್."

ಇಲ್ಲಿಗೆ ಕಾಂತಪ್ಪನ ತರ್ಕ ಹೀಗೆ ಹರಿಯಿತು. ಕಾರಿನ ದೊಡ್ಡ ದೋಷ ಜಾಗ ಸಿಗದಿರುವುದು. ಜಾಗ ಸಿಕ್ಕಿದೆ. ಹೊರಗೆ ತೆಗೆಯದಿದ್ದರೆ ಜಾಗ ಹೋಗದು. ಓಡಿಸದಿದ್ದರೆ ಪೆಟ್ರೋಲೂ ಹೋಗದು. ಶುಕ್ರವಾರದವರೆಗೆ ಕಾರನ್ನು ಕದಲಿಸದಿದ್ದರೆ ದೋಷಗಳೇ ಉಳಿಯುವುದಿಲ್ಲ. ಇಂಥ ಶುದ್ಧ ತರ್ಕ ಮಾಡಿದವರು ಹಿಂದಿನ ಕಾಲದಲ್ಲಿ ಕಾಡಿಗೆ ಹೋಗುತ್ತಿದ್ದರು. ಕಾಂತಪ್ಪ ಭಾನುವಾರ ಬೆಳಿಗ್ಗೆ ಬಸ್‌ಸ್ಟಾಪಿಗೆ ಹೋದ.

ಬಕಾಲಾದ ಬಾಗಿಲಲ್ಲಿ ಲಬನ್ ಮಜ್ಜಿಗೆಯ ಡಬ್ಬಗಳನ್ನು ಜೋಡಿಸುತ್ತಿದ್ದ ಖಲೀಲ್ ಅವನನ್ನು ಕಂಡ. ಬಸ್ಸಿಗೆ ಕಾಯುವ ಕಾಂತಪ್ಪ! ಕಾರು ಇಲ್ಲೇ ಇದೆ. ಕೆಟ್ಟಿಲ್ಲ, ಮೊನ್ನೆ ತಾನೇ ಕೈ ಬೀಸಿ ಒಳಗೆ ತಂದದ್ದು. ಹಾಗಾದರೆ?

ಕುವೈತಿನಲ್ಲಿ ಹತ್ತು ವರ್ಷ ಕಳೆದ ಯಾರಿಗೂ ಇದರ ಉತ್ತರ ಹೇಳಿಕೊಡಬೇಕಿಲ್ಲ. ಪರದೇಶದವನ ಡ್ರೈವಿಂಗ್ ಲೈಸೆನ್ಸು ಅವನ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಇಕಾಮಾ ಎಂಬ ವಾಸದ ಪರವಾನಗಿಯಲ್ಲಿ ಹುದ್ದೆ ಕೆಳಗಿಳಿದರೆ ಲೈಸೆನ್ಸೂ ಇಳಿಯುತ್ತದೆ. ಕಾರಿದ್ದವನು ಬಸ್ಸು ಹತ್ತಿದನೆಂದರೆ ಲೈಸೆನ್ಸು ಹೋಯಿತು. ಲೈಸೆನ್ಸು ಹೋಯಿತೆಂದರೆ ಕೆಲಸ ಹೋಯಿತು. ಬೇರೆ ಊರಿನಲ್ಲಿ ಬಸ್ಸು ಬರೀ ಬಸ್ಸು. ಇಲ್ಲಿ ಅದೊಂದು ಮರಣವಾರ್ತೆ.

"ಖಲಾಸ್," ಎಂದ ಖಲೀಲ್ ಲಬನ್ ಡಬ್ಬಕ್ಕೆ. "ಕಾಂತಪ್ಪಣ್ಣನ ಕಥೆ ಖಲಾಸ್."

ಆ ಸಂಜೆ ಕಾಂತಪ್ಪ ಅಂಗಡಿಗೆ ಬಂದಾಗ ಖಲೀಲ್ ಕುರ್ಚಿಯಿಂದ ಎದ್ದು ನಿಂತ. ಹಿಂದೆಂದೂ ಎದ್ದವನಲ್ಲ. ಕಾಂತಪ್ಪ ಕೇಳಿದ್ದು ಒಂದು ಕಟ್ಟು ಖುಬೂಸ್. ಖಲೀಲ್ ಅದರ ಮೇಲೆ ಮೊಟ್ಟೆ, ಮೊಟ್ಟೆಯ ಮೇಲೆ ಖರ್ಜೂರ ಇಟ್ಟ.

"ಇದೆಲ್ಲ ಯಾಕೆ ಖಲೀಲ್ ಭಾಯಿ?"

"ಇರಲಿ ಕಾಂತಪ್ಪಣ್ಣ. ಎಲ್ಲ ಮೇಲಿನವ ಮಾಡಿದ್ದು. ನಮ್ಮ ಕೈಯಲ್ಲಿ ಎಂತ ಉಂಟು?"

ಕಾಂತಪ್ಪ ಹೊರಗೆ ನಿಂತ ಕಾರನ್ನು ಒಮ್ಮೆ ನೋಡಿದ. ಖರ್ಜೂರ ಯಾಕೆ ಬಂತೆಂದು ಅವನಿಗೆ ಅರ್ಥವಾಯಿತು. ಅಂದರೆ, ಆಯಿತೆಂದುಕೊಂಡ.

"ಹೌದು, ಮೇಲಿನವನ ದಯೆ," ಎಂದ ಕಣ್ಣು ಅರೆಮುಚ್ಚಿ. "ಯಾರಿಗೆ ಯಾವಾಗ ಬರ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ನನಗೂ ಇದು ಬರ್ತದೆ ಅಂತ ಗೊತ್ತಿರಲಿಲ್ಲ."

"ಎಂಥ ಗಟ್ಟಿ ಮನುಷ್ಯ!" ಎಂದು ಖಲೀಲ್ ಕಣ್ಣೊರೆಸಿಕೊಂಡ.

ಓಡಿಸಲಾಗದ ಕಾರನ್ನು ಅನುಭವಿಸುವುದಕ್ಕೆ ಇನ್ನೊಂದು ದಾರಿಯಿತ್ತು. ಆಫೀಸಿನಿಂದ ಬಂದವನೇ ಕಾಂತಪ್ಪ ಮನೆಗೆ ಹೋಗದೆ ಕಾರು ಹತ್ತಿ ಕೂರತೊಡಗಿದ. ಎಂಜಿನ್ನು ಹಾಕಿ, ಏಸಿ ಬಿಟ್ಟು, ಸೀಟು ಹಿಂದಕ್ಕೆ ಒರಗಿಸಿ, ಸೊಂಟಕ್ಕೊಂದು ತಲೆದಿಂಬು ಕೊಟ್ಟು, ಯಕ್ಷಗಾನದ ಭಾಗವತಿಕೆ ಹಾಕಿಕೊಂಡು ಕಡಲೆ ತಿನ್ನುತ್ತಿದ್ದ. ನಿಂತ ಕಾರೂ ಪೆಟ್ರೋಲು ಕುಡಿಯುತ್ತದೆ ಎಂಬುದು ಅವನ ತರ್ಕದೊಳಗೆ ಇನ್ನೂ ಬಂದಿರಲಿಲ್ಲ. ಹೊರಗೆ ಬಿಸಿಲು ಡಾಮರನ್ನು ಬೇಯಿಸುತ್ತಿತ್ತು. ಒಳಗೆ ಕಾಂತಪ್ಪ ಸಾಮ್ರಾಜ್ಯ ಆಳುತ್ತಿದ್ದ.

ಅಲೋಶಿಯಸ್‌ನ ಹೆಂಡತಿ, ಆಸ್ಪತ್ರೆಯ ನರ್ಸು ಮೇಬಲ್, ಡ್ಯೂಟಿ ಮುಗಿಸಿ ಬರುವಾಗ ಗಾಜಿನೊಳಗೆ ಇದನ್ನು ಕಂಡಳು. ಖಲೀಲನ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ತಲೆದಿಂಬು ಉಳಿದದ್ದನ್ನೆಲ್ಲ ಹೇಳಿತು. ಪಾಪ, ಹೆಂಡತಿಗೆ ತಿಳಿಸಿಲ್ಲ! ಬೆಳಿಗ್ಗೆ ಆಫೀಸಿಗೆಂದು ಹೊರಡುತ್ತಾನೆ, ಎಲ್ಲೋ ಅಲೆಯುತ್ತಾನೆ, ಸಂಜೆ ಬಂದು ಕಾರಿನಲ್ಲಿ ಬಿದ್ದುಕೊಳ್ಳುತ್ತಾನೆ! ಅವಳು ಮೇಲೆ ಓಡಿ, ಸಣ್ಣ ಎಂಬ ಇಡ್ಲಿ ಮತ್ತು ಕೋಳಿ ಸಾರು ತುಂಬಿದ ಡಬ್ಬದೊಂದಿಗೆ ಇಳಿದು ಬಂದು ಗಾಜು ತಟ್ಟಿದಳು.

ಕಾಂತಪ್ಪ ಗಾಜು ಇಳಿಸಿದ. ಬೆರಳು ತಾಗಿದರೆ ಸಾಕು, ಸದ್ದಿಲ್ಲದೆ ಇಳಿಯುವ ಗಾಜು. ಅವಳಿಗೆ ಸರಿಯಾಗಿ ಕಾಣಲಿಲ್ಲವೇನೋ ಎಂದು ಏರಿಸಿ ಮತ್ತೊಮ್ಮೆ ಇಳಿಸಿದ.

"ತಗೊಳ್ಳಿ ಕಾಂತಪ್ಪ. ಚಂಪಾನಿಗೆ ಹೇಳುದು ಬೇಡ. ನಾನೂ ಹೇಳುದಿಲ್ಲ."

"ಎಂತಕ್ಕೆ ಹೇಳುದು? ಅವಳಿಗೆ ಇದರ ಬೆಲೆ ಗೊತ್ತಿಲ್ಲ. ನಿಮಗೆ ಗೊತ್ತಾಯ್ತಲ್ಲ, ಅದೇ ಸಂತೋಷ."

"ಇಲ್ಲಿ ನಿಮಗೆ... ಆಗ್ತದಾ?"

"ಆಗುದಾ! ಮನೆಗಿಂತ ಇಲ್ಲೇ ಸುಖ. ಮೇಬಲ್ ಬಾಯಿ, ಹಿಂದೆ ನೋಡಿ, ಎಷ್ಟು ಜಾಗ! ಬೇಕಾದರೆ ಇದರೊಳಗೆ ಒಂದು ಸಂಸಾರ ಮಾಡಬಹುದು! ಅಪೇಕ್ಷಾ ಹಿಂದೆ ಮಲಗಬಹುದು. ಚಂಪಾ ಇಲ್ಲಿ. ಅಡುಗೆ ಒಂದು ಆಗುದಿಲ್ಲ, ಅಷ್ಟೇ."

ಸೆರಗಿಲ್ಲದ್ದರಿಂದ ಮೇಬಲ್ ನರ್ಸ್ ಕೋಟಿನ ಕಾಲರನ್ನೇ ಬಾಯಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದಳು. ದೊಡ್ಡ ಕಾರು ಕಂಡು ಹೊಟ್ಟೆ ಉರಿದು ಅಳುವವರನ್ನು ಕಾಂತಪ್ಪ ಅದೇ ಮೊದಲು ನೋಡಿದ್ದು. ಪಾಪವೆನಿಸಿತು. ಸಣ್ಣ ಬಹಳ ಮೆದುವಾಗಿತ್ತು.

ಮರುದಿನ ಬಸ್‌ಸ್ಟಾಪಿನಲ್ಲಿ ಅಲೋಶಿಯಸ್ ತನ್ನ ಪುಟ್ಟ ಕಾರು ನಿಲ್ಲಿಸಿದ. "ಹತ್ತು ಮಾರಾಯ. ಬಿಡ್ತೇನೆ."

ಕಾಂತಪ್ಪ ಕಾಲು ಮಡಚಿ ಹತ್ತಿದ. ಅಲೋಶಿಯಸ್ ಆ ದಿನ ನೀರುಳ್ಳಿಯ ಸುದ್ದಿ ಎತ್ತಲಿಲ್ಲ. ಸಿಗ್ನಲಿನಲ್ಲಿ ನಿಂತಾಗ ಗಂಟಲು ಸರಿಮಾಡಿಕೊಂಡ.

"ನೋಡು ಕಾಂತಪ್ಪ. ದೊಡ್ಡದು ಎಲ್ಲರಿಗೂ ಆಗಿ ಬರುದಿಲ್ಲ. ಅದರ ಗೇರ್‌ಬಾಕ್ಸು ವೀಕು. ಸೆನ್ಸರು ಹೋದರೆ ಅಮೆರಿಕದಿಂದ ಬರಬೇಕು. ಮುಂದಿನ ಸಸ್ಪೆನ್ಷನ್ನು ಒಂದು ರೋಡ್ ಹಂಪಿಗೆ ಬಿದ್ದರೆ ಮುಗಿಯಿತು. ಆ ಡೋರಿನ ರಬ್ಬರು ನೋಡಿದ್ದೀಯಾ? ಎಡಗಡೆಯದ್ದು, ಹಿಂದಿನದ್ದು, ಕೆಳಗಿನ ಮೂಲೆಯಲ್ಲಿ ಬಿಟ್ಟಿದೆ. ಮನುಷ್ಯ ಸಣ್ಣದರಲ್ಲಿ ಬದುಕ್ಲಿಕ್ಕೆ ಕಲಿಬೇಕು."

ಕಾಂತಪ್ಪ ಮನಸ್ಸಿನಲ್ಲೇ ನಕ್ಕ. ಪರರ ಕಾರಿನ ಹಿಂಬಾಗಿಲ ಕೆಳಮೂಲೆಯ ರಬ್ಬರಿನವರೆಗೆ ಗೊತ್ತಿದೆಯೆಂದರೆ, ಆ ಮನುಷ್ಯ ಅದನ್ನು ಎಷ್ಟು ಹೊತ್ತು, ಯಾವ ಕಣ್ಣಿನಿಂದ ನೋಡಿರಬೇಕು!

"ಕಲಿತಾಗಿದೆ ಪರ್ಬುಗಳೇ," ಎಂದ. "ಇನ್ನು ಮರೆಯುದು ಬಾಕಿ."

ಬುಧವಾರ ಸಂಘದ ಕಾರ್ಯದರ್ಶಿ ಹರ್ಷಿತ್‌ನ ಫೋನು ಬಂತು. "ಕಾಂತಪ್ಪಣ್ಣ, ವಿಷಯ ಎಲ್ಲ ಗೊತ್ತಾಯ್ತು. ಕಮಿಟಿಯಲ್ಲಿ ಮಾತಾಡಿದ್ದೇವೆ. ಶುಕ್ರವಾರ ಸಂಜೆ ನಿಮ್ಮ ಮನೆಗೆ ಬರ್ತೇವೆ."

"ಕಮಿಟಿಯೇ ಬರ್ತದಾ?"

"ನಿಮ್ಮಂಥವರಿಗೆ ಬಾರದೆ ಯಾರಿಗೆ ಬರುದು?"

ಕಾಂತಪ್ಪ ಫೋನಿಟ್ಟು ಗಾಳಿಯಲ್ಲಿ ತೇಲಿದ. ಸಂಘಕ್ಕೆ ಈ ವರ್ಷ ಅಧ್ಯಕ್ಷರು ಬೇಕಾಗಿದ್ದರು.

"ನನಗೆಂತದೋ ಸರಿ ಕಾಣುದಿಲ್ಲ," ಎಂದಳು ಚಂಪಾ. "ನಿಮ್ಮ ಸದಸ್ಯತ್ವದ ರಶೀದಿಯಲ್ಲೇ ಅವರು ಎರಡು ಸಲ ಹೆಸರು ತಪ್ಪು ಬರ್ದಿದ್ದಾರೆ."

"ಆಗ ನನ್ನ ಕಾರು ಸಣ್ಣದಿತ್ತು."

ಶುಕ್ರವಾರ ಚಂಪಾ ಗೋಳಿಬಜೆ ಕರಿದಳು. ಕಾಂತಪ್ಪ ಮತ್ತೆ ಟೈ ಕಟ್ಟಿದ. ಹರ್ಷಿತ್, ಅಲೋಶಿಯಸ್, ಮೇಬಲ್, ಖಲೀಲ್ ನಾಲ್ವರೂ ಒಳಗೆ ಬಂದು, ಚಪ್ಪಲಿ ಸದ್ದಾಗದಂತೆ ಬಿಟ್ಟು, ಹೆಣವಿದ್ದ ಮನೆಯಲ್ಲಿ ಕೂರುವಂತೆ ಸೋಫಾದ ತುದಿಯಲ್ಲಿ ಕೂತರು. ಟೈ ಕಟ್ಟಿದ ಕಾಂತಪ್ಪನನ್ನು ಕಂಡು ಮೇಬಲ್ ಮುಖ ತಿರುಗಿಸಿದಳು.

ಹರ್ಷಿತ್ ಶುರು ಮಾಡಿದ. "ಕಾಂತಪ್ಪಣ್ಣ, ನಾಚಿಕೆ ಪಡ್ಲಿಕ್ಕೆ ಎಂತದೂ ಇಲ್ಲ. ಇವತ್ತು ನಿಮಗೆ ಬಂದದ್ದು ನಾಳೆ ನನಗೂ ಬರಬಹುದು."

"ಬರ್ತದೆ! ಬರಬೇಕು! ನೀನಿನ್ನೂ ಹುಡುಗ, ಪ್ರಯತ್ನ ಮಾಡಿದರೆ ಎರಡೇ ವರ್ಷದಲ್ಲಿ ಬರ್ತದೆ."

ಹರ್ಷಿತ್ ಬೆವರು ಒರೆಸಿಕೊಂಡ. "ಸಂಘ ಕೈ ಬಿಡುದಿಲ್ಲ. ಅಬು ಹಲೀಫಾದಲ್ಲಿ ನಮ್ಮವರದ್ದೊಂದು ಗೋಡೌನು ಉಂಟು. ಹೆಲ್ಪರ್ ಕೆಲಸ ಖಾಲಿ ಉಂಟು. ಮಾತಾಡಿ ಇಟ್ಟಿದ್ದೇನೆ."

"ಒಳ್ಳೆಯದು. ಯಾರಿಗೆ?"

"ನಿಮಗೆ."

ಗೋಳಿಬಜೆಯ ತಟ್ಟೆ ಹಿಡಿದು ಬಂದ ಚಂಪಾ ಬಾಗಿಲಲ್ಲೇ ನಿಂತಳು.

"ಚಂಪಕ್ಕ, ಗಾಬರಿ ಆಗ್ಬೇಡಿ," ಎಂದ ಖಲೀಲ್ ಎದ್ದು. "ಕೆಲಸ ಹೋದದ್ದನ್ನು ಅವರು ನಿಮಗೆ ಹೇಳಲಿಲ್ಲ. ಪ್ರೀತಿಯಿಂದ ಹೇಳಲಿಲ್ಲ."

"ಯಾರ ಕೆಲಸ?" ಎಂದಳು ಚಂಪಾ. "ಈಗ ಮಧ್ಯಾಹ್ನ ತಾನೆ ಮುದೀರ್ ಫೋನ್ ಮಾಡಿ, ನಾಳೆ ರಜೆಯಾದರೂ ಬಾ, ಕಮೋಡು ಕಂಟೇನರ್ ಬರ್ತದೆ ಅಂದದ್ದು ಯಾರಿಗೆ ಹಾಗಾದರೆ?"



"ಮತ್ತೆ ಬಸ್ಸು?" ಎಂದ ಖಲೀಲ್.

ಎಲ್ಲರೂ ಕಾಂತಪ್ಪನನ್ನು ನೋಡಿದರು. ಖಲೀಲ್ ಎದ್ದು ನಿಂತ ಕುರ್ಚಿ, ಕೊಟ್ಟ ಖರ್ಜೂರ, ಕಾರಿನ ಕಿಟಕಿಯಲ್ಲಿ ಮೇಬಲ್‌ಳ ಅಳು, ಎಲ್ಲವೂ ಒಂದೊಂದಾಗಿ ಅವನ ತಲೆಯೊಳಗೆ ಮಗುಚಿ ಬಿದ್ದು ಬೇರೆಯೇ ಮುಖ ತೋರಿಸಿದವು. ಅದು ಮರ್ಯಾದೆಯಾಗಿರಲಿಲ್ಲ. ವಾರವಿಡೀ ಅವನು ತಿಂದದ್ದು ಬೊಜ್ಜದ ಊಟ, ಸತ್ತವರ ತಿಥಿಯದ್ದು, ಅದೂ ತನ್ನದೇ.

"ಅದು... ಜಾಗ," ಎಂದ. "ಕಾರು ತೆಗೆದರೆ ಜಾಗ ಹೋಗ್ತದೆ. ಅದಕ್ಕೆ ಬಸ್ಸಿನಲ್ಲಿ ಹೋದೆ."

ಮೊದಲು ನಕ್ಕದ್ದು ಹರ್ಷಿತ್. ಆಮೇಲೆ ಖಲೀಲ್ ಗೋಡೆ ಹಿಡಿದುಕೊಂಡ. ಮೇಬಲ್ ಅಳುತ್ತಲೇ ನಕ್ಕಳು. ಅಲೋಶಿಯಸ್ ಸೋಫಾದ ತೋಳಿಗೆ ಬಡಿದು ಬಡಿದು ನಕ್ಕ. ಕಾಂತಪ್ಪನಿಗೆ ಆ ನಗೆಯಲ್ಲಿ ಮುಂದಿನ ನಾಮಕರಣಗಳೆಲ್ಲ ಕೇಳಿಸಿದವು. ನೀರುಳ್ಳಿಯ ಕಥೆ ಇನ್ನು ಸತ್ತಿತು. ಅದಕ್ಕಿಂತ ಉದ್ದದ ಒಂದು ಕಥೆ ಹುಟ್ಟಿತು.

ನಗು ಇಳಿದ ಮೇಲೆ ಅಲೋಶಿಯಸ್ ಮುಂದೆ ಬಾಗಿದ. "ಹೋಗಲಿ ಮಾರಾಯ. ಕೆಲಸ ಉಂಟಲ್ಲ, ಸಂತೋಷ. ಆದರೆ ಈಗಾದರೂ ಒಪ್ಪಿಕೋ, ಅದು ನಿನಗೆ ಹೇಳಿದ್ದಲ್ಲ. ನಾನು ಬಂದದ್ದೇ ಇದನ್ನು ಹೇಳ್ಲಿಕ್ಕೆ. ಅದನ್ನು ನನಗೆ ಬಿಡು. ನನ್ನ ಕಾರು ನೀನು ಇಟ್ಕೋ. ಸಣ್ಣದು, ಎಲ್ಲಿಯೂ ಹಿಡಿತದೆ. ನಿನ್ನ ಒಳ್ಳೆಯದಕ್ಕೇ ಹೇಳುದು. ಆ ದೊಡ್ಡ ದರಿದ್ರ ನಾನು ಹೊರ್ತೇನೆ."

 ಕಾಂತಪ್ಪ ಟೈ ಸಡಿಲಿಸಿದ. ಕಿಸೆಯಿಂದ ಕೀ ತೆಗೆದು ಟೀಪಾಯಿಯ ಮೇಲಿಟ್ಟ. ಅಲೋಶಿಯಸ್‌ನ ಕೈ, ದರಿದ್ರ ಹೊರುವವನ ಕೈಗೆ ಸಲ್ಲದ ಅವಸರದಲ್ಲಿ, ಅದರತ್ತ ಚಾಚಿತು.

ಗೋಳಿಬಜೆಯ ತಟ್ಟೆ ಕೀಯ ಮೇಲೆ ಕುಳಿತಿತು.

"ಕೈ ತೆಗೀರಿ ಪರ್ಬುಗಳೇ," ಎಂದಳು ಚಂಪಾ. "ಬಿಸಿ ಉಂಟು."

"ಚಂಪಾ, ನೀವೇ ಅಲ್ಲವಾ ಹೇಳುದು, ಅದು ಬೇಡ ಅಂತ..."

"ಹೇಳಿದ್ದೇನೆ. ಅದು ಎಮ್ಮೆಯ ಹಾಗೆ ಕುಡಿತದೆ. ತಿರುಗುದಿಲ್ಲ. ಎಲ್ಲಿಯೂ ಹಿಡಿಯುದಿಲ್ಲ. ಇವತ್ತು ಶುಕ್ರವಾರ, ಇನ್ನೂ ಬೇಕಾದಷ್ಟು ಹೇಳ್ಲಿಕ್ಕಿದೆ. ಅದರ ದೋಷ ಹೇಳ್ಲಿಕ್ಕೆ ಈ ಮನೆಯಲ್ಲಿ ನಾನಿದ್ದೇನೆ. ನೀವು ಯಾರು?"

"ನಾವು ಒಳ್ಳೆಯದಕ್ಕೆ..."

"ನಮ್ಮ ಕೆಲಸ ನೀವೇ ತೆಗೆದಿರಿ, ನೀವೇ ಅತ್ತಿರಿ, ಹೆಲ್ಪರ್ ಕೆಲಸ ನೀವೇ ಕೊಟ್ಟಿರಿ, ಈಗ ಕಾರೂ ನೀವೇ ತಗೊಳ್ತೀರಿ. ನಾವು ಎಂತ ಮಾಡುದು? ಗೋಳಿಬಜೆ ಕರಿಯುದಾ?" ಅವಳು ತಟ್ಟೆ ಎತ್ತಿ, ಕೀ ತೆಗೆದು, ಗಂಡನ ಕೈಯಲ್ಲಿಟ್ಟಳು. "ನೀವು ಹುಚ್ಚರೇ ಹೌದು. ಅದನ್ನು ಆಮೇಲೆ ಮಾತಾಡುವ. ಈಗ ಕಾರು ತೆಗೀರಿ. ಸಮುದ್ರದ ಕಡೆ ಹೋಗುವ. ಅಪೇಕ್ಷಾ, ಚಪ್ಪಲಿ!"

"ಮಮ್ಮಾ, ದ ಪಾರ್ಕಿಂಗ್!"

"ಹೋದರೆ ಹೋಗಲಿ!"

ಕಮಿಟಿಗೆ ಕಮಿಟಿಯೇ ಕೆಳಗಿಳಿಯಿತು. ಬೀದಿಯವರು ಕಿಟಕಿಗಳಿಗೆ ಬಂದರು. ಕಾಂತಪ್ಪ ಸ್ಟೇರಿಂಗ್ ಹಿಡಿದ. ಖಲೀಲ್ ಹಿಂದಿನಿಂದ ಕೈ ಬೀಸಿದ, ಹರ್ಷಿತ್ ಮುಂದಿನಿಂದ ಬೀಸಿದ, ಈಜಿಪ್ಟಿನವನು ಮತ್ತೆ ಕೈಗಳನ್ನು ತಲೆಗೇರಿಸಿದ. ಕಾಂತಪ್ಪ ಯಾರನ್ನೂ ನೋಡಲಿಲ್ಲ. ಅಂಗುಲ ಮುಂದೆ, ಅಂಗುಲ ಹಿಂದೆ, ಕಸದ ಡಬ್ಬಕ್ಕೊಂದು ಮುತ್ತು ಕೊಟ್ಟು, ಪಿಕಪ್ಪಿನ ಬಣ್ಣ ಉಳಿಸಿ, ಹದಿನೇಳು ಅಡಿಯೂ ರಸ್ತೆಗೆ ಬಂದಿತು. ಮಾಡಿನ ಮೇಲೆ ವಾರದ ಧೂಳು ಹೊತ್ತು, ಮದುವೆಯ ದಿಬ್ಬಣಕ್ಕೆ ಹೊರಟ ಮುದುಕನಂತೆ ಗಂಭೀರವಾಗಿ.

ಹಿಂದೆ ಯಾರದೋ ಜೀಪು ಆ ಜಾಗಕ್ಕೆ ನುಗ್ಗಿಯೇ ಬಿಟ್ಟಿತು.

"ಕಾಂತಪ್ಪ! ಓ ಕಾಂತಪ್ಪ!" ಅಲೋಶಿಯಸ್ ಕಾರಿನ ಪಕ್ಕದಲ್ಲೇ ಓಡುತ್ತಿದ್ದ. "ಜಾಗ ಹೋಯ್ತು ನೋಡು! ವಾಪಸ್ ಬಂದು ಎಲ್ಲಿಡ್ತೀ? ಕೇಳು, ನಿಲ್ಲು! ನನ್ನ ಕಾರೂ ಕೊಡ್ತೇನೆ, ಬೇಸ್‌ಮೆಂಟಿನಲ್ಲಿ ನನ್ನ ಜಾಗ ಉಂಟಲ್ಲ, ಅದನ್ನೂ ಕೊಡ್ತೇನೆ. ನೆರಳು! ನಂಬರ್ ಬರೆದ ಜಾಗ! ಯಾರೂ ಮುಟ್ಟುವ ಹಾಗಿಲ್ಲ! ಇದಕ್ಕಿಂತ ಎಂತ ಬೇಕು ನಿನಗೆ?"

ಪಕ್ಕದ ಸೀಟಿನಲ್ಲಿ ಚಂಪಾ ತಲೆದಿಂಬನ್ನು ತನ್ನ ಕೆಳಗೆ ಹಾಕಿಕೊಂಡು, ಕತ್ತು ಉದ್ದ ಮಾಡಿ, ಮೊದಲ ಸಲ ರಸ್ತೆಯನ್ನು ನೋಡುತ್ತಿದ್ದಳು. ಕಾಂತಪ್ಪ ಗಾಜು ಇಳಿಸಿದ.

"ಬೇಡ," ಎಂದ.